ಹಿತ್ತಿಲ ಕೋಳಿಗೂಡಿಗೆ ವಸಂತದ ಸುಣ್ಣ

ಯುಗಾದಿ ಸಮೀಪಿಸಿತೆಂದರೆ ನಮ್ಮ ನಾಡಿನಲ್ಲಿ ಮನೆ ಗುಡಿಸಿ, ಜೇಡರ ಬಲೆ ತೆಗೆದು, ಗೋಡೆಗೆ ಸುಣ್ಣ ಬಳಿಯುವ ಸಡಗರ. ಮನೆಗೆ ಸಲ್ಲುವ ಈ ಉಪಚಾರದಲ್ಲಿ ದನದ ಕೊಟ್ಟಿಗೆಗೂ ಒಂದು ಪಾಲು ಉಂಟು. ಆದರೆ ಹಿತ್ತಿಲ ಮೂಲೆಯಲ್ಲಿರುವ ಕೋಳಿಗೂಡಿನ ಕಡೆಗೆ ಯಾರ ಗಮನವೂ ಹರಿಯುವುದಿಲ್ಲ. ಕೋಳಿ ತಾನಾಗಿ ಹೆಕ್ಕಿ ತಿನ್ನುತ್ತದೆ, ತಾನಾಗಿ ಮೊಟ್ಟೆಯಿಡುತ್ತದೆ, ಅದಕ್ಕೇನು ವಿಶೇಷ ಆರೈಕೆ ಎಂಬ ಭಾವನೆ ನಮ್ಮದು. ಈ ಉದಾಸೀನದ ಫಲವನ್ನು ಮೊದಲು ಕೋಳಿಯೂ, ಬಳಿಕ ಮನೆಮಂದಿಯೂ ಉಣ್ಣಬೇಕಾಗುತ್ತದೆ. ಆದುದರಿಂದ ವಸಂತದ ಎರಡು ದಿನಗಳನ್ನು ಕೋಳಿಗೂಡಿಗಾಗಿ ಮೀಸಲಿಡುವುದು ಕುಟುಂಬದ ಆರೋಗ್ಯ ರಕ್ಷಣೆಯ ಒಂದು ಅಂಗವೆಂದೇ ತಿಳಿಯಬೇಕು.

ಊರಿನಿಂದ ಹೊಸದಾಗಿ ಮುಂಬಯಿಗೆ ಬಂದ ಕನ್ನಡಿಗನು ‘ಕೋಳಿವಾಡಾ’ ಎಂಬ ಹೆಸರನ್ನು ಕೇಳಿ, ಅಲ್ಲಿ ಹುಂಜ ಹೇಂಟೆಗಳೇ ತುಂಬಿರಬೇಕೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ಇಲ್ಲಿ ಕೋಳಿಗಳೆಂದರೆ ಈ ದ್ವೀಪಗಳ ಮೂಲನಿವಾಸಿಗಳಾದ ಬೆಸ್ತರು. ನಮ್ಮ ಕೋಳಿ ಮರಾಠಿಗರಿಗೆ ‘ಕೋಂಬಡಿ’. ಆದರೂ ಬಾಂದ್ರಾದ ಮಟ್ಟಿಗೆ ಈ ತಪ್ಪು ತಿಳಿವಳಿಕೆಯಲ್ಲಿ ಅರ್ಧ ಸತ್ಯವಿದೆ. ಚಿಂಬಯಿಯ ಬೆಸ್ತರ ಓಣಿಗಳಲ್ಲಿಯೂ, ರಾನ್ವಾರ್, ಪಾಲಿ, ಶೆರ್ಲಿ, ರಾಜನ್ ಮೊದಲಾದ ಗಾವಠಾಣಗಳಲ್ಲಿಯೂ ಹೆಂಚಿನ ಮನೆ, ಬಾವಿ, ಹಿತ್ತಿಲು, ಹಿತ್ತಿಲಲ್ಲಿ ನಾಲ್ಕು ಕೋಳಿ ಎಂಬುದು ಈಸ್ಟ್ ಇಂಡಿಯನ್ ಕ್ರೈಸ್ತ ಕುಟುಂಬಗಳ ಹಳೆಯ ಜೀವನಕ್ರಮವಾಗಿತ್ತು. ಗಗನಚುಂಬಿ ಕಟ್ಟಡಗಳು ಎದ್ದ ಮೇಲೆ ಹಿತ್ತಿಲುಗಳು ಕುಗ್ಗಿವೆ. ಆದರೂ ಆ ಇಕ್ಕಟ್ಟಾದ ಓಣಿಗಳನ್ನು ಹೊಕ್ಕವರಿಗೆ ಮಂಗಳೂರು, ಉಡುಪಿ, ಕುಂದಾಪುರಗಳ ಮನೆಯಂಗಳದ ನೆನಪಾಗದೆ ಇರದು. ಆ ಮನೆಗಳ ಹೆಂಗಸರು ಮಳೆ ಬರುವ ಮುನ್ನ ಬಿಸಿಲಿನಲ್ಲಿ ಮೆಣಸನ್ನು ಒಣಗಿಸಿ, ವರ್ಷಕ್ಕೆ ಸಾಲುವಷ್ಟು ‘ಬಾಟ್ಲಿ ಮಸಾಲೆ’ಯನ್ನು ಕುಟ್ಟಿ ಸೀಸೆಗಳಲ್ಲಿ ತುಂಬಿಡುವುದು ಪದ್ಧತಿ. ಕೋಳಿಗೂಡಿನ ಕೆಲಸವೂ ಇದೇ ಬಿಸಿಲಿನ ಕೆಲಸಗಳ ಸಾಲಿಗೆ ಸೇರಿದ್ದು.

ಕೋಳಿಗೆ ವಸಂತವೆಂದರೇನು?

ಕೋಳಿಯ ಮೊಟ್ಟೆಗೂ ಹಗಲಿನ ದೀರ್ಘತೆಗೂ ನಿಕಟ ಸಂಬಂಧವಿದೆ. ಡಿಸೆಂಬರಿನಲ್ಲಿ ಮುಂಬಯಿಯ ಹಗಲು ಸುಮಾರು 11 ಗಂಟೆ. ಜೂನ್ ತಿಂಗಳಲ್ಲಿ ಅದು 13 ಗಂಟೆಗೂ ತುಸು ಹೆಚ್ಚು. ಸಂಕ್ರಾಂತಿಯ ನಂತರ ಬೆಳಕು ಹೆಚ್ಚುತ್ತ ಹೋದಂತೆ, ಚಳಿಗಾಲದಲ್ಲಿ ಮೊಟ್ಟೆಯಿಡುವುದನ್ನು ಕಡಿಮೆ ಮಾಡಿದ್ದ ಹೇಂಟೆಯು ಪುನಃ ಇಡತೊಡಗುತ್ತದೆ. ಕೆಲವು ಕಾವಿಗೆ ಕೂಡುತ್ತವೆ. ಕಾವಿನ ಅವಧಿ 21 ದಿನ. ಹೀಗೆ ಗೂಡಿನಲ್ಲಿ ಕೋಳಿ ಹೆಚ್ಚು ಹೊತ್ತು ಕೂಡುವ ಕಾಲವೂ, ಸೆಕೆಯಿಂದಾಗಿ ಹೇನು, ನುಸಿ, ಉಣ್ಣೆಗಳು ಹೆಚ್ಚುವ ಕಾಲವೂ ಒಂದೇ ಆಗಿದೆ. ಇದರ ಬೆನ್ನಿಗೇ ಜೂನ್ ಎರಡನೆಯ ವಾರದ ಸುಮಾರಿಗೆ ಮಳೆ ಬಂದುಬಿಡುತ್ತದೆ. ಮಳೆ ಹಿಡಿದ ಮೇಲೆ ಮುಂಬಯಿಯಲ್ಲಿ ಏನನ್ನೂ ಒಣಗಿಸಲಾಗದು. ಕೋಳಿ ಸಾಕಣೆಯ ಶಾಸ್ತ್ರವನ್ನೆಲ್ಲ ಒಂದೇ ಮಾತಿನಲ್ಲಿ ಹೇಳುವುದಾದರೆ ಅದು ಇಷ್ಟೇ: ಗೂಡಿನ ನೆಲ ಒಣಗಿರಲಿ.

ಶುಚಿಯ ಕ್ರಮ

ಶುಚಿಗೊಳಿಸುವ ಮುನ್ನಾದಿನ ರಾತ್ರಿ ಟಾರ್ಚು ಹಿಡಿದು ಗೂಡನ್ನು ಪರೀಕ್ಷಿಸಬೇಕು. ಕೆಂಪು ನುಸಿಯು ಹಗಲಿನಲ್ಲಿ ಹಲಗೆಯ ಬಿರುಕುಗಳಲ್ಲಿ ಅವಿತಿದ್ದು, ರಾತ್ರಿ ಹೊರಬಂದು ಕೋಳಿಯ ರಕ್ತವನ್ನು ಹೀರುತ್ತದೆ. ಕೋಳಿ ಕೂಡುವ ಅಡ್ಡಗೋಲಿನ ತಳಭಾಗಕ್ಕೆ ಬಿಳಿಯ ಕಾಗದವನ್ನು ಒತ್ತಿ ಎಳೆದಾಗ ಕೆಂಪು ಗೀರುಗಳು ಮೂಡಿದರೆ ನುಸಿಯಿದೆಯೆಂದು ತಿಳಿಯಬೇಕು. ಕೋಳಿಯ ಜುಟ್ಟು ಬಿಳಚಿಕೊಂಡು, ಮೊಟ್ಟೆ ಕಡಿಮೆಯಾಗುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ಮರುದಿನ ಬೆಳಿಗ್ಗೆ ಕೋಳಿಗಳನ್ನು ನೆರಳಿನಲ್ಲಿ ಬುಟ್ಟಿಯಡಿ ಇಟ್ಟು ಗೂಡನ್ನು ಪೂರ್ತಿ ಬರಿದುಮಾಡಬೇಕು. ಒಣಗಿದ ಹಿಕ್ಕೆಯ ಧೂಳು ಶ್ವಾಸಕೋಶಕ್ಕೆ ಹಾನಿಕರ. ಆದುದರಿಂದ ತುಸು ನೀರು ಚಿಮುಕಿಸಿದ ಬಳಿಕವೇ ಗುಡಿಸಬೇಕು. ಮೂಗು ಬಾಯಿಗಳಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಉಬ್ಬಸವಿದ್ದವರು, ಗರ್ಭಿಣಿಯರು ಈ ಕೆಲಸದಿಂದ ದೂರವಿರುವುದು ಲೇಸು. ಅಡ್ಡಗೋಲು, ಮೊಟ್ಟೆಯ ಪೆಟ್ಟಿಗೆ, ನೀರಿನ ಪಾತ್ರೆಗಳನ್ನು ಸಾಬೂನಿನ ಬಿಸಿನೀರಿನಿಂದ ತಿಕ್ಕಿ ತೊಳೆದು ದಿನವಿಡೀ ಬಿಸಿಲಿಗೆ ಒಡ್ಡಬೇಕು.

ಆಮೇಲೆ ಸುಣ್ಣ. ಸುಣ್ಣದ ತಿಳಿಯು ಬಿರುಕುಗಳನ್ನು ತುಂಬಿ ನುಸಿಯ ಅಡಗುದಾಣವನ್ನು ಮುಚ್ಚುತ್ತದೆ. ತನ್ನ ಕ್ಷಾರಗುಣದಿಂದ ಅನೇಕ ರೋಗಾಣುಗಳನ್ನು ಕೊಲ್ಲುತ್ತದೆ. ಸುಟ್ಟ ಸುಣ್ಣವನ್ನು ನೀರಿಗೆ ಹಾಕಿದೊಡನೆ ಅದು ಕೊತಕೊತನೆ ಕುದಿಯುವುದರಿಂದ ಮಕ್ಕಳನ್ನು ಹತ್ತಿರ ಬಿಡಬಾರದು. ಕಣ್ಣಿಗೆ ಸಿಡಿದರೆ ಧಾರಾಳವಾಗಿ ನೀರಿನಿಂದ ತೊಳೆದು ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು. ಸುಣ್ಣ ಚೆನ್ನಾಗಿ ಒಣಗಿದ ಮೇಲೆಯೇ ಕೋಳಿಗಳನ್ನು ಒಳಗೆ ಬಿಡಬೇಕು.

ಹಿಂದೆ ಗೂಡುಗಳಿಗೆ ಗ್ಯಾಮಾಕ್ಸಿನ್ ಪುಡಿಯನ್ನು ಎರಚುವ ರೂಢಿಯಿತ್ತು. ಅದು ಕೊಬ್ಬಿನಲ್ಲಿ ಶೇಖರವಾಗುವ ವಿಷ. ಕೋಳಿಯ ಮೂಲಕ ಮೊಟ್ಟೆಗೂ, ಮೊಟ್ಟೆಯ ಮೂಲಕ ನಮಗೂ ಬರುತ್ತದೆ. ಭಾರತದಲ್ಲಿ ಅದನ್ನು 1997ರಲ್ಲಿ ನಿಷೇಧಿಸಲಾಯಿತು. ತಿಗಣೆ, ಜಿರಲೆಗಳಿಗೆಂದು ಮನೆಯಲ್ಲಿಟ್ಟಿರುವ ಔಷಧಗಳನ್ನೂ ಕೋಳಿಯ ಮೇಲಾಗಲಿ ಗೂಡಿನಲ್ಲಾಗಲಿ ಸಿಂಪಡಿಸಕೂಡದು. ಅದರ ಬದಲು ಒಣಮಣ್ಣು ಮತ್ತು ಒಲೆಯ ಬೂದಿಯನ್ನು ಬೆರೆಸಿ ಅಗಲವಾದ ಬಾಣಲೆಯಲ್ಲಿ ಇಟ್ಟರೆ ಕೋಳಿಗಳು ಅದರಲ್ಲಿ ಹೊರಳಾಡಿ ಹೇನುಗಳನ್ನು ತಾವೇ ಕೊಡವಿಕೊಳ್ಳುತ್ತವೆ.

ಒಣಗಿದ ನೆಲದ ಮೇಲೆ ನಾಲ್ಕರಿಂದ ಆರು ಅಂಗುಲ ದಪ್ಪಕ್ಕೆ ಭತ್ತದ ಹೊಟ್ಟನ್ನಾಗಲಿ, ಬಡಗಿಯ ಅಂಗಡಿಯ ಮರದ ಹೊಟ್ಟನ್ನಾಗಲಿ ಹರಡಬೇಕು. ವಾರಕ್ಕೆರಡು ಸಲ ಅದನ್ನು ಕೆದಕಬೇಕು. ತೇವ ಕಂಡರೆ ನೂರು ಚದರ ಅಡಿಗೆ ಒಂದು ಕಿಲೋದಂತೆ ಸುಣ್ಣದ ಪುಡಿ ಬೆರೆಸಬಹುದು. ಗೂಡು ಸರಿಯಿದೆಯೇ ಎಂದು ತಿಳಿಯಲು ಉಪಕರಣ ಬೇಕಿಲ್ಲ. ಕೋಳಿಯ ತಲೆಯ ಎತ್ತರಕ್ಕೆ ಬಾಗಿ ಉಸಿರೆಳೆದಾಗ ಕಣ್ಣು ಮೂಗು ಉರಿದರೆ, ಅಮೋನಿಯಾ ಹೆಚ್ಚಿತೆಂದೂ ಹೊಟ್ಟನ್ನು ಬದಲಿಸಬೇಕೆಂದೂ ಅರ್ಥ. ತೆಗೆದ ಹೊಟ್ಟನ್ನು ಮೋರಿಗೆ ಸುರಿಯದೆ, ಒಣ ಎಲೆಗಳೊಂದಿಗೆ ಗುಂಡಿಯಲ್ಲಿ ಮೂರು ತಿಂಗಳು ಕೊಳೆಯಿಸಿದರೆ ಕರಿಬೇವು, ಬಾಳೆಗಳಿಗೆ ಒಳ್ಳೆಯ ಗೊಬ್ಬರವಾಗುತ್ತದೆ.

ಮುಂಬಯಿಯ ಸೆಕೆ ಬೇರೆ

ಕೋಳಿಗೆ ಬೆವರಿನ ಗ್ರಂಥಿಗಳಿಲ್ಲ. ಅದರ ದೇಹದ ಉಷ್ಣತೆ ಸಹಜವಾಗಿಯೇ 41ರಿಂದ 42 ಡಿಗ್ರಿ ಸೆಲ್ಸಿಯಸ್. ಬಾಯಿ ತೆರೆದು ಏದುಸಿರು ಬಿಡುತ್ತ, ತೇವವನ್ನು ಆವಿಯಾಗಿಸಿ ಅದು ತನ್ನ ಮೈಯನ್ನು ತಂಪಾಗಿಸಿಕೊಳ್ಳುತ್ತದೆ. ವಿಜಾಪುರ, ಕಲಬುರ್ಗಿಗಳ ಒಣಸೆಕೆಯಲ್ಲಿ ಗೂಡಿಗೆ ಒದ್ದೆ ಗೋಣಿ ತೂಗುಹಾಕಿದರೆ ಬಹಳ ಪ್ರಯೋಜನವುಂಟು. ಆದರೆ ಕಡಲ ದಂಡೆಯ ಬಾಂದ್ರಾದಲ್ಲಿ ಗಾಳಿಯೇ ತೇವದಿಂದ ತುಂಬಿರುವುದರಿಂದ ಒದ್ದೆ ಗೋಣಿಯು ಹೆಚ್ಚು ತಂಪು ಕೊಡದು. ಒಳಗಿನ ತೇವವನ್ನು ಮಾತ್ರ ಹೆಚ್ಚಿಸುತ್ತದೆ. ಇಲ್ಲಿ ಬೇಕಾದುದು ನೆರಳು ಮತ್ತು ಗಾಳಿಯ ಸಂಚಾರ. ತಗಡಿನ ಮಾಡಿನ ಮೇಲೆ ತೆಂಗಿನ ಗರಿಗಳನ್ನು ಹೊದೆಸುವುದು, ಮಾಡಿಗೂ ಗೋಡೆಗೂ ನಡುವೆ ಜಾಲರಿಯ ತೆರಪು ಬಿಡುವುದು, ದಿನಕ್ಕೆ ಎರಡು ಮೂರು ಸಲ ತಣ್ಣೀರು ಬದಲಿಸುವುದು, ಇವೇ ಸರಿಯಾದ ಉಪಾಯಗಳು. ಸಾಮಾನ್ಯವಾಗಿ ಕಾಲು ಲೀಟರು ನೀರು ಕುಡಿಯುವ ಕೋಳಿ ಬೇಸಗೆಯಲ್ಲಿ ಅದರ ಇಮ್ಮಡಿ ಕುಡಿಯಬಲ್ಲದು. ನೀರನ್ನು ನಿತ್ಯ ಬದಲಿಸಿ ಪಾತ್ರೆಯನ್ನು ಉಜ್ಜುವುದರಿಂದ ಡೆಂಗೆಯ ಸೊಳ್ಳೆಗೂ ಎಡೆಯಿರುವುದಿಲ್ಲ.

ಕಾಳಿನ ಹಿಂದೆ ಇಲಿ, ಇಲಿಯ ಹಿಂದೆ ಜ್ವರ

ಕೋಳಿಗೂಡಿನಿಂದ ಮುಂಬಯಿಯ ಮನೆಗೆ ಬರಬಹುದಾದ ಅತಿ ಘೋರ ಕೇಡು ಕೋಳಿಯಿಂದ ಬರುವುದಲ್ಲ. ಅದರ ಕಾಳಿಗಾಗಿ ಬರುವ ಇಲಿ, ಹೆಗ್ಗಣಗಳಿಂದ ಬರುವಂಥದು. ಇಲಿಯ ಮೂತ್ರದಲ್ಲಿರುವ ರೋಗಾಣುಗಳು ಮಳೆನೀರಿನಲ್ಲಿ ಬೆರೆತು, ಕಾಲಿನ ಗಾಯಗಳ ಮೂಲಕ ದೇಹವನ್ನು ಸೇರಿ ಇಲಿಜ್ವರವನ್ನು ಉಂಟುಮಾಡುತ್ತವೆ. ಅದು ಮೂತ್ರಪಿಂಡ, ಯಕೃತ್ತುಗಳನ್ನು ಕೆಡಿಸಿ ಪ್ರಾಣಾಂತಿಕವಾಗಬಹುದು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ನಗರವು ಮುಳುಗಿದಾಗ, ಮುಂದಿನ ವಾರಗಳಲ್ಲಿ ಈ ಜ್ವರವು ಹರಡಿ ಅನೇಕರು ಅಸುನೀಗಿದರು.

ಆದುದರಿಂದ ಕೋಳಿಗೆ ಕಾಳನ್ನು ಚೆಲ್ಲಿ ಬಿಡಬಾರದು. ಮೊಟ್ಟೆಯಿಡುವ ಹೇಂಟೆಗೆ ದಿನಕ್ಕೆ 100ರಿಂದ 120 ಗ್ರಾಂ ಆಹಾರ ಸಾಕು. ಅದನ್ನು ಪಾತ್ರೆಯಲ್ಲಿಟ್ಟು, ಸಂಜೆ ಉಳಿದುದನ್ನು ತೆಗೆದು ಮುಚ್ಚಳವುಳ್ಳ ಡಬ್ಬಿಯಲ್ಲಿಡಬೇಕು. ಷಟ್ಕೋನದ ತೆಳ್ಳನೆಯ ಕೋಳಿಬಲೆಯು ಕೋಳಿಯನ್ನು ಒಳಗಿಡಬಲ್ಲದೇ ಹೊರತು ಹೆಗ್ಗಣವನ್ನು ಹೊರಗಿಡಲಾರದು. ಅರ್ಧ ಅಂಗುಲ ಕಣ್ಣಿನ ಬೆಸುಗೆಯ ಜಾಲರಿಯನ್ನು ಬಳಸಿ, ಅದನ್ನು ಒಂದು ಅಡಿಯಾದರೂ ನೆಲದೊಳಕ್ಕೆ ಇಳಿಸಬೇಕು. ಕಳೆದ ಮಳೆಗಾಲದಲ್ಲಿ ನೀರು ನಿಂತ ಗುರುತು ಗೋಡೆಯ ಮೇಲಿದ್ದರೆ, ಗೂಡಿನ ನೆಲವನ್ನು ಇಟ್ಟಿಗೆಯಿಂದ ಅದಕ್ಕಿಂತ ಒಂದು ಗೇಣು ಮೇಲಕ್ಕೆ ಏರಿಸಬೇಕು. ಮಳೆಗಾಲದಲ್ಲಿ ಬರಿಗಾಲಿನಿಂದ ಗೂಡಿಗೆ ಹೋಗಕೂಡದು.

ಮದ್ದಿಗಿಂತ ಮುನ್ನೆಚ್ಚರಿಕೆ

ತೇವದ ನೆಲದಲ್ಲಿ ಮರಿಗಳಿಗೆ ರಕ್ತಭೇದಿ ಹತ್ತುತ್ತದೆ. ಇದರ ರೋಗಾಣುವಿನ ಮೊಟ್ಟೆಗಳು ಸಾಮಾನ್ಯ ಫಿನಾಯಿಲಿಗೆ ಜಗ್ಗುವುದಿಲ್ಲ. ಆದರೆ ಬಿಸಿಲು ಮತ್ತು ಒಣಹವೆಗೆ ಸಾಯುತ್ತವೆ. ಕೊಕ್ಕರೆ ರೋಗವೆಂದು ನಮ್ಮವರು ಕರೆಯುವ, ಹಿಮಾಲಯದ ರಾಣೀಖೇತ್ ಊರಿನ ಹೆಸರು ಹೊತ್ತ ಕಾಯಿಲೆಯು ಇಡೀ ಗೂಡನ್ನೇ ಬರಿದುಮಾಡಬಲ್ಲದು. ಅದಕ್ಕೆ ಔಷಧವಿಲ್ಲ, ಲಸಿಕೆಯುಂಟು. ಬೇಸಗೆಯಲ್ಲಿಯೇ ಪಶುವೈದ್ಯರನ್ನು ಕಂಡು ಹಾಕಿಸುವುದು ಜಾಣತನ. 1886ರಲ್ಲಿ ಸ್ಥಾಪನೆಯಾದ ಪರೇಲಿನ ಮುಂಬಯಿ ಪಶುವೈದ್ಯಕೀಯ ಕಾಲೇಜು ಬಾಂದ್ರಾಕ್ಕೆ ದೂರವೇನಲ್ಲ.

ಹಕ್ಕಿಜ್ವರದ ಮಾತನ್ನೂ ಹೇಳಲೇಬೇಕು. ಭಾರತದ ಕೋಳಿಗಳಲ್ಲಿ ಅದು ಮೊದಲು ಪತ್ತೆಯಾದುದು 2006ರ ಫೆಬ್ರವರಿಯಲ್ಲಿ, ಇದೇ ಮಹಾರಾಷ್ಟ್ರದ ನಂದುರ್ಬಾರ್ ಜಿಲ್ಲೆಯ ನವಾಪುರದಲ್ಲಿ. ಕೋಳಿಗಳು ಇದ್ದಕ್ಕಿದ್ದಂತೆ ಒಂದರ ಹಿಂದೊಂದು ಸತ್ತರೆ, ಜುಟ್ಟು ನೀಲಿಗಟ್ಟಿದರೆ, ಬರಿಗೈಯಿಂದ ಮುಟ್ಟದೆ, ಖಾಡಿಗೆ ಎಸೆಯದೆ, ಕೊಯ್ದು ತಿನ್ನದೆ, ಪಶುಸಂಗೋಪನಾ ಇಲಾಖೆಗೆ ತಿಳಿಸಬೇಕು. ಕಾಗೆ, ಪಾರಿವಾಳಗಳು ಕೋಳಿಯ ನೀರಿಗೆ ಬಾಯಿಡದಂತೆ ಅಂಗಳದ ಮೇಲ್ಭಾಗಕ್ಕೂ ಬಲೆ ಕಟ್ಟುವುದು ಒಳ್ಳೆಯದು.

ಮೊಟ್ಟೆಯ ವಿಚಾರ

ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಉತ್ತಮ ಸಸಾರಜನಕವಿದೆ. ಹಸಿಮೊಟ್ಟೆಯನ್ನು ಹಾಲಿನಲ್ಲಿ ಕದಡಿ ಕುಡಿದರೆ ಬಲ ಬರುವುದೆಂಬ ನಂಬಿಕೆ ನಮ್ಮಲ್ಲಿ ಬಹಳ ಹಳೆಯದು. ವಾಸ್ತವದಲ್ಲಿ ಬೆಂದ ಮೊಟ್ಟೆಯೇ ಹೆಚ್ಚು ಚೆನ್ನಾಗಿ ಜೀರ್ಣವಾಗುತ್ತದೆ. ಹಸಿಮೊಟ್ಟೆಯಲ್ಲಿ ವಾಂತಿಭೇದಿ ತರುವ ಸಾಲ್ಮೊನೆಲ್ಲಾ ಇರಬಹುದು. ಬಿಳಿ ಹಳದಿಗಳೆರಡೂ ಗಟ್ಟಿಯಾಗುವಂತೆ ಬೇಯಿಸಿದರೆ ಆ ಭಯವಿಲ್ಲ. ಒಡಕು ಮೊಟ್ಟೆಯನ್ನು ಬಳಸಕೂಡದು. ಗೂಡಿನ ಕೆಲಸ ಮುಗಿದೊಡನೆ ಸಾಬೂನಿನಿಂದ ಕೈ ತೊಳೆಯುವ ಅಭ್ಯಾಸವನ್ನು ಮಕ್ಕಳಿಗೆ ಕಲಿಸಬೇಕು. ಮೊಟ್ಟೆಯ ಚಿಪ್ಪು ಗಟ್ಟಿಯಾಗಲು ಸುಣ್ಣಾಂಶ ಬೇಕು. ಅದಕ್ಕಾಗಿ ಕರಾವಳಿಯವರಿಗೆ ಚಿರಪರಿಚಿತವಾದ ಮರುವಾಯಿ ಚಿಪ್ಪನ್ನು ಕುಟ್ಟಿ ಇಟ್ಟರೆ ಸಾಕು. ಬರೇ ಮೊಟ್ಟೆಗಾಗಿ ಸಾಕುವವರಿಗೆ ಹುಂಜದ ಅಗತ್ಯವೇ ಇಲ್ಲ. ನೆರೆಯವರ ನಿದ್ರೆಯೂ ಉಳಿಯುತ್ತದೆ. ಹೊಸದಾಗಿ ಸಾಕಬಯಸುವವರು ನಗರಪಾಲಿಕೆಯ ವಾರ್ಡು ಕಚೇರಿಯಲ್ಲಿ ನಿಯಮಗಳನ್ನು ವಿಚಾರಿಸಿಕೊಂಡೇ ಮುಂದುವರಿಯಬೇಕು.

ಹಿತ್ತಿಲಿಲ್ಲದವರಿಗೆ

ನಮ್ಮಲ್ಲಿ ಹೆಚ್ಚಿನವರು ಎರಡು ಕೋಣೆಗಳ ಬಿಡಾರಗಳಲ್ಲಿ ಇರುವವರು. ಅಂಥಲ್ಲಿ ಕೋಳಿ ಸಾಕುವುದು ತರವಲ್ಲ. ಆದರೆ ನಮ್ಮಲ್ಲಿ ಅನೇಕರ ಊರಮನೆಗಳ ಹಿತ್ತಿಲಲ್ಲಿ ಕೋಳಿಗಳಿವೆ. ಅವುಗಳನ್ನು ನೋಡಿಕೊಳ್ಳುವವರು ವಯಸ್ಸಾದ ತಾಯಂದಿರು, ಅತ್ತೆಯಂದಿರು. ಬಾಗಿ ಗುಡಿಸಲಾರದ, ಏಣಿ ಹತ್ತಲಾರದ ಆ ಹಿರಿಯರು ವರ್ಷಗಟ್ಟಲೆ ಹಳೆಯ ಗೂಡಿನಲ್ಲಿಯೇ ಸುಧಾರಿಸುತ್ತಿದ್ದಾರೆ. ಏಪ್ರಿಲ್, ಮೇ ತಿಂಗಳ ರಜೆಯಲ್ಲಿ ಮಕ್ಕಳೊಂದಿಗೆ ಊರಿಗೆ ಹೋಗುವ ನಮ್ಮ ಬಂಧುಗಳು, ಮದುವೆ ಮುಂಜಿಗಳ ಓಡಾಟದ ನಡುವೆ ಎರಡು ದಿನ ಬಿಡುವು ಮಾಡಿಕೊಂಡು ಆ ಗೂಡನ್ನು ಬಿಚ್ಚಿ, ಒಣಗಿಸಿ, ಸುಣ್ಣ ಬಳಿದು, ಜಾಲರಿಯನ್ನು ಭದ್ರಪಡಿಸಿ ಬರಲಿ. ಪೇಟೆಯಿಂದ ಒಯ್ಯುವ ಸೀರೆ, ಮಿಠಾಯಿಗಳೊಂದಿಗೆ ಒಂದು ಸುರುಳಿ ಗಟ್ಟಿ ಜಾಲರಿಯೂ ಹೋಗಲಿ. ಮುಂದಿನ ಮಳೆಗಾಲದಲ್ಲಿ ಅಲ್ಲಿ ಕೋಳಿಯೂ ಕ್ಷೇಮ, ಕೋಳಿಗೆ ಕಾಳು ಹಾಕುವ ಕೈಯೂ ಕ್ಷೇಮ.