ಅಚ್ಚಿಗೂ ಮುಂಚೆ ಸುದ್ದಿ

ನನ್ನ ಕಾಮಿಕ್ಸನ್ನು ನಾನೇ ಬರೆದು, ಅಚ್ಚು ಹಾಕಿಸಿ, ಮೇಳಗಳಲ್ಲಿ ನಿಂತು ಮಾರುತ್ತೇನೆ. ‘ಪ್ರಚಾರ ಹೇಗೆ?’ ಎಂದು ಕೇಳುವ ಹೊಸಬರಿಗೆ ಆಮೆಗಳ ಕಥೆ ಹೇಳುತ್ತೇನೆ.

1984ರಲ್ಲಿ ಅಮೆರಿಕದ ಕೆವಿನ್ ಈಸ್ಟ್‌ಮನ್ ಮತ್ತು ಪೀಟರ್ ಲೇರ್ಡ್, ಕೈಯಲ್ಲಿದ್ದ ಪುಡಿಗಾಸಿಗೆ ಬಂಧುವೊಬ್ಬರ ಸಾಲ ಸೇರಿಸಿ, ‘ಟೀನೇಜ್ ಮ್ಯೂಟಂಟ್ ನಿಂಜಾ ಟರ್ಟಲ್ಸ್’ ಎಂಬ ಆಮೆ-ವೀರರ ಕಾಮಿಕ್ಸ್‌ನ ಸುಮಾರು 3,000 ಕಪ್ಪು-ಬಿಳುಪು ಪ್ರತಿ ಮುದ್ರಿಸಿದರು. ಮೇ ತಿಂಗಳಲ್ಲಿ ನ್ಯೂ ಹ್ಯಾಂಪ್‌ಷೈರ್‌ನ ಪೋರ್ಟ್ಸ್‌ಮತ್ ಊರಿನ ಸಣ್ಣ ಕಾಮಿಕ್ಸ್ ಮೇಳದಲ್ಲಿ ಬಿಡುಗಡೆ. ಆದರೆ ಜಾಣತನ ಬೇರೆಡೆ ಇತ್ತು. ವ್ಯಾಪಾರಿಗಳು ಓದುತ್ತಿದ್ದ ‘ಕಾಮಿಕ್ಸ್ ಬೈಯರ್ಸ್ ಗೈಡ್’ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರು. ವಿತರಕರೇ ಹುಡುಕಿಕೊಂಡು ಬಂದರು. ಈ ಇಬ್ಬರು ಮಾಧ್ಯಮಗಳಿಗೂ ಮಾಹಿತಿ ಕಳಿಸಿದರು. ಪ್ರತಿಗಳು ವಾರಗಳಲ್ಲೇ ಖಾಲಿಯಾಗಿ ಮರುಮುದ್ರಣವಾಯಿತು.

ನಾನು ಅದೇ ದಾರಿ ಹಿಡಿದಿದ್ದೇನೆ. ಮೊದಲ ಮೂರು ಪುಟಗಳನ್ನು ಬಿಡುಗಡೆಗೆ ಮುಂಚೆಯೇ ಇನ್‌ಸ್ಟಾಗ್ರಾಂನಲ್ಲಿ ಹಾಕಿ, ಮುಂಗಡ ಬೇಡಿಕೆ ನೋಡಿ ಪ್ರತಿಗಳ ಸಂಖ್ಯೆ ನಿರ್ಧರಿಸುತ್ತೇನೆ. ಮಳಿಗೆಯಲ್ಲಿ ಅವೇ ಪುಟಗಳನ್ನು ಕಣ್ಣಿನ ಮಟ್ಟಕ್ಕೆ ಅಂಟಿಸುತ್ತೇನೆ. ನಿಂತು ಓದಿದವರು ಬೆಲೆ ಕೇಳಿಯೇ ಕೇಳುತ್ತಾರೆ. ಪಿನ್ ಹೊಡೆಯುವ ಪುಸ್ತಕವಾದ್ದರಿಂದ ಪುಟಗಳ ಸಂಖ್ಯೆ ನಾಲ್ಕರಿಂದ ಭಾಗವಾಗುವಂತಿರಬೇಕು. ಉಳಿಯುವ ಒಂದು ಪುಟ ಮುಂದಿನ ಸಂಚಿಕೆಯ ಜಾಹೀರಾತಿಗೆ.

ಹೊಸಬರೇ, ದುಡ್ಡೆಲ್ಲ ಅಚ್ಚಿಗೆ ಸುರಿಯಬೇಡಿ. ಒಂದು ಪಾಲು ಪ್ರಚಾರಕ್ಕೆ ತೆಗೆದಿಡಿ.