ಬೆರಳುಗಳು ಹೇಳುವ ಲೆಕ್ಕ

ಕ್ರಿಕೆಟ್ ಆಟದಲ್ಲಿ ಅಂಪೈರರು ಎರಡೂ ಕೈಗಳನ್ನು ಮೇಲೆತ್ತಿದರೆ ಆರು ಓಟ, ಅಗಲಕ್ಕೆ ಚಾಚಿದರೆ ವೈಡ್ ಎಂಬುದನ್ನು ನಮ್ಮಲ್ಲಿ ಚಿಕ್ಕ ಮಕ್ಕಳೂ ಬಲ್ಲರು. ಅಮೆರಿಕದ ಜನಪ್ರಿಯ ಆಟವಾದ ಬೇಸ್‌ಬಾಲಿನಲ್ಲಿಯೂ ಇಂತಹ ಕೈಸನ್ನೆಗಳಿವೆ. ಅವುಗಳಲ್ಲಿ ‘ಕೌಂಟ್’, ಅಂದರೆ ಎಸೆತಗಳ ಲೆಕ್ಕವನ್ನು ತಿಳಿಸುವ ಸನ್ನೆಯ ವಿಚಾರವನ್ನು ನಾವಿಲ್ಲಿ ತಿಳಿಯೋಣ.

ಬೇಸ್‌ಬಾಲಿನಲ್ಲಿ ಚೆಂಡೆಸೆಯುವವನಿಗೆ ಪಿಚರ್ ಎಂದು ಹೆಸರು. ಅವನು 60 ಅಡಿ 6 ಅಂಗುಲ ದೂರದಿಂದ ಎಸೆಯುತ್ತಾನೆ. ದಾಂಡಿಗನ ಪಕ್ಕದಲ್ಲಿ ನೆಲದ ಮೇಲೆ 17 ಅಂಗುಲ ಅಗಲದ ಬಿಳಿಯ ಫಲಕವಿರುತ್ತದೆ. ಚೆಂಡು ಆ ಫಲಕದ ಮೇಲೆ, ಸುಮಾರಾಗಿ ದಾಂಡಿಗನ ಮೊಣಕಾಲಿಗೂ ಎದೆಗೂ ನಡುವಿನ ಎತ್ತರದಲ್ಲಿ ಹಾದುಹೋದರೆ, ಅವನು ಹೊಡೆಯದಿದ್ದರೂ ಅದು ‘ಸ್ಟ್ರೈಕ್’. ದಾಂಡು ಬೀಸಿ ತಪ್ಪಿದರೂ ಸ್ಟ್ರೈಕೇ. ಆ ಎಲ್ಲೆಯ ಹೊರಗೆ ಹೋದ ಚೆಂಡಿಗೆ ದಾಂಡು ಬೀಸದಿದ್ದರೆ ಅದು ‘ಬಾಲ್’. ಮೂರು ಸ್ಟ್ರೈಕ್ ಆದರೆ ದಾಂಡಿಗ ಔಟ್. ನಾಲ್ಕು ಬಾಲ್ ಆದರೆ ಅವನು ಹೊಡೆಯದೆಯೇ ಮೊದಲನೆಯ ಬೇಸಿಗೆ ನಡೆದು ಹೋಗಬಹುದು. 1889ರಿಂದ ಈ ಲೆಕ್ಕವೇ ನಡೆದು ಬಂದಿದೆ.

ಲೆಕ್ಕ ತಿಳಿಯದೆ ಆಡುವಂತಿಲ್ಲ. ಮೂರು ಬಾಲ್ ಆಗಿದ್ದರೆ ಪಿಚರ್ ಎಚ್ಚರ ವಹಿಸಬೇಕು; ಎರಡು ಸ್ಟ್ರೈಕ್ ಆಗಿದ್ದರೆ ದಾಂಡಿಗ ಎಚ್ಚರ ವಹಿಸಬೇಕು. ಆದುದರಿಂದ ಹಿಂದೆ ನಿಂತಿರುವ ಅಂಪೈರರು ಎರಡೂ ಕೈಗಳನ್ನೆತ್ತಿ, ಎಡಗೈ ಬೆರಳುಗಳಿಂದ ಬಾಲ್‌ಗಳನ್ನೂ ಬಲಗೈ ಬೆರಳುಗಳಿಂದ ಸ್ಟ್ರೈಕ್‌ಗಳನ್ನೂ ತೋರಿಸುತ್ತಾರೆ. ಬಾಯಲ್ಲಿ ಹೇಳುವಾಗಲೂ ಬಾಲ್ ಮೊದಲು, ಸ್ಟ್ರೈಕ್ ಅನಂತರ. ಎಡಗೈಯಲ್ಲಿ ಮೂರು, ಬಲಗೈಯಲ್ಲಿ ಎರಡು ಬೆರಳು ಕಂಡರೆ ಅದು ‘ಫುಲ್ ಕೌಂಟ್’. ಮುಂದಿನ ಒಂದೇ ಎಸೆತದಲ್ಲಿ ದಾಂಡಿಗನ ಗತಿ ತೀರ್ಮಾನವಾಗಬಹುದು. ಎದುರಿಗಿರುವ ಪಿಚರ್ ಮಾತ್ರ ಒಂದು ಮಾತು ನೆನಪಿಡಬೇಕು: ಅಂಪೈರರ ಎಡಗೈ ಅವನಿಗೆ ಬಲಬದಿಯಲ್ಲಿ ಕಾಣುತ್ತದೆ!

ಬಾಯಲ್ಲಿ ಹೇಳಿದರೆ ಸಾಲದೆ? ಸಾಲದು ಎಂಬುದಕ್ಕೆ ವಿಲಿಯಂ ಹಾಯ್ ಎಂಬ ಆಟಗಾರನ ಕಥೆಯೇ ಸಾಕ್ಷಿ. 1862ರಲ್ಲಿ ಓಹಾಯೋ ಸಂಸ್ಥಾನದಲ್ಲಿ ಹುಟ್ಟಿದ ಈತ ಎಳವೆಯಲ್ಲಿಯೇ ಕಾಯಿಲೆಯಿಂದ ಕಿವುಡನಾದ. ಅಂಪೈರರು ಕೂಗಿದ್ದು ಅವನಿಗೆ ಕೇಳುತ್ತಿರಲಿಲ್ಲ. ತಿರುಗಿ ವಿಚಾರಿಸುವಷ್ಟರಲ್ಲಿ ಪಿಚರ್ ಮುಂದಿನ ಚೆಂಡನ್ನು ಎಸೆದುಬಿಡುತ್ತಿದ್ದ. ಆಗ ಅವನ ತಂಡದವರು ಒಂದು ಉಪಾಯ ಹೂಡಿದರು. ಮೂರನೆಯ ಬೇಸಿನ ಬಳಿ ನಿಂತ ತರಬೇತುದಾರ ಸ್ಟ್ರೈಕ್ ಆದರೆ ಬಲಗೈಯನ್ನೂ ಬಾಲ್ ಆದರೆ ಎಡಗೈಯನ್ನೂ ಎತ್ತಿ ತೋರಿಸತೊಡಗಿದ. ಹಾಯ್ 1888ರಿಂದ 1902ರವರೆಗೆ ದೊಡ್ಡ ತಂಡಗಳಲ್ಲಿ ಆಡಿ ಹೆಸರು ಪಡೆದ. 1961ರಲ್ಲಿ, ತನ್ನ 99ನೆಯ ವಯಸ್ಸಿನಲ್ಲಿ, ಸಿನ್ಸಿನಾಟಿಯ ವರ್ಲ್ಡ್ ಸೀರೀಸ್ ಪಂದ್ಯವೊಂದಕ್ಕೆ ಮೊದಲ ಚೆಂಡೆಸೆಯುವ ಗೌರವ ಆತನದಾಯಿತು.

ಅಂಪೈರರ ಸನ್ನೆಗಳೆಲ್ಲವೂ ಹಾಯ್ ಒಬ್ಬನಿಂದಲೇ ಬಂದವೆನ್ನಲಾಗದು. ಅವು ಹಲವರ ಕೈಯಲ್ಲಿ ಬೆಳೆದು, ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ರೂಢಿಗೆ ಬಂದವು. ಆದರೆ ಒಂದಂತೂ ನಿಜ. ಕಿವಿ ಕೇಳಿಸದ ಒಬ್ಬನಿಗೆ ನೆರವಾದಂತಹ ಸನ್ನೆಯೇ ಇಂದು ಗದ್ದಲದ ನಡುವೆ ಕುಳಿತ ಸಾವಿರಾರು ಪ್ರೇಕ್ಷಕರಿಗೂ ಆಟದ ಲೆಕ್ಕವನ್ನು ತಿಳಿಸುತ್ತಿದೆ. ನಮ್ಮ ತರಗತಿಯಲ್ಲಿಯೂ ಆಟದ ಬಯಲಿನಲ್ಲಿಯೂ ಕೇಳಿಸದ, ಕಾಣಿಸದ ಗೆಳೆಯರಿದ್ದರೆ ಅವರಿಗಾಗಿ ನಾವು ಮಾಡುವ ಚಿಕ್ಕ ಅನುಕೂಲ ನಾಳೆ ನಮಗೆಲ್ಲರಿಗೂ ಅನುಕೂಲವಾದೀತು.