ಖಾತೆಯ ಅಂಕಿಗಳೂ ಟಿಪ್ಪಣಿಯ ಅರ್ಥವೂ

ಯಾವುದೊಂದು ಅಂಗಡಿಯ ಅಥವಾ ಕಾರ್ಖಾನೆಯ ಲೆಕ್ಕವನ್ನು ತೆಗೆದು ನೋಡಿದರೂ ಅದರಲ್ಲಿ ಎರಡು ಬಗೆಯ ಜ್ಞಾನವು ಅಕ್ಕಪಕ್ಕದಲ್ಲಿರುವುದು ಕಾಣುತ್ತದೆ. ಮೊತ್ತ, ದಿನಾಂಕ, ಖಾತೆಯ ಹೆಸರು, ತೆರಿಗೆಯ ದರ ಎಂಬ ನಿಯತವಾದ ಅಂಕಣಗಳಲ್ಲಿ ನೆಲೆಗೊಂಡದ್ದು ಒಂದು. ವೋಚರಿನ ಅಡಿಯಲ್ಲಿ ಗುಮಾಸ್ತನು ತನಗೆ ತೋಚಿದ ಮಾತಿನಲ್ಲಿ ಬರೆದಿಡುವ, ಲೆಕ್ಕಿಗರು ನ್ಯಾರೇಷನ್ ಎನ್ನುವ ಟಿಪ್ಪಣಿಯ ಒಂದೆರಡು ಸಾಲು ಇನ್ನೊಂದು. ಮೊದಲನೆಯದನ್ನು ಕುರಿತ ಪ್ರಶ್ನೆಗೆ ಲೆಕ್ಕದ ತಂತ್ರಾಂಶವು ಕ್ಷಣಾರ್ಧದಲ್ಲಿ ಉತ್ತರವೀಯುತ್ತದೆ. ಎರಡನೆಯದನ್ನು ಕುರಿತು ಕೇಳಿದರೆ, ಬರೆದವನು ಬಳಸಿದ ಅಕ್ಷರಗಳನ್ನೇ ಕೇಳುವವನೂ ಬಳಸಿದಲ್ಲದೆ ಅದು ಬಾಯಿ ಬಿಡುವುದಿಲ್ಲ. ‘ಮಳೆಗೆ ಸೋರಿದ ಗೋದಾಮಿನ ತಗಡು ಬದಲಾಯಿಸಿದ್ದು’ ಎಂದು ಹಿಂದೆಂದೋ ಯಾರೋ ಬರೆದಿದ್ದರೆ, ಇಂದು ‘ಛಾವಣಿ ರಿಪೇರಿ’ ಎಂದು ಹುಡುಕುವ ಯಜಮಾನನಿಗೆ ಆ ವೋಚರು ದೊರೆಯದು.

ಈ ಕೊರತೆಯು ಗಣಕಯಂತ್ರದೊಡನೆ ಹುಟ್ಟಿದುದಲ್ಲ. 1494ರಲ್ಲಿ ವೆನಿಸ್ ನಗರದಲ್ಲಿ ಅಚ್ಚಾದ ತನ್ನ ಗಣಿತಗ್ರಂಥದಲ್ಲಿ ಜೋಡಿ ನಮೂದು ಪದ್ಧತಿಯನ್ನು ವಿವರಿಸಿದ ಲೂಕಾ ಪಾಚೋಲಿ ಎಂಬ ಕ್ರೈಸ್ತ ಸಂನ್ಯಾಸಿಯು, ವರ್ತಕನಾದವನು ಮೂರು ಪುಸ್ತಕಗಳನ್ನಿಡಬೇಕೆಂದು ಹೇಳಿದನು: ವ್ಯವಹಾರವು ನಡೆದೊಡನೆಯೆ ಅದರ ವೃತ್ತಾಂತವನ್ನೆಲ್ಲ ವಿಸ್ತಾರವಾಗಿ ಬರೆದಿಡುವ ಸ್ಮರಣಪುಸ್ತಕ, ಅದನ್ನು ಕ್ರಮಗೊಳಿಸುವ ಜರ್ನಲು, ಕೊನೆಯದಾಗಿ ಖಾತೆಪುಸ್ತಕ. ಒಂದರಿಂದ ಮತ್ತೊಂದಕ್ಕೆ ಇಳಿಯುತ್ತ ವೃತ್ತಾಂತವು ಕುಗ್ಗಿ ಅಂಕಿಯು ಪ್ರಧಾನವಾಗುತ್ತದೆ. ಬಾಕಿಯು ತಾಳೆಯಾಗಬೇಕಾದರೆ ಹೀಗೆ ಕುಗ್ಗಲೇಬೇಕು. ಆದರೆ ‘ಏಕೆ’ ಎಂಬುದರ ಉತ್ತರವು ಉಳಿಯುವುದು ಆ ವೃತ್ತಾಂತದಲ್ಲಿಯೇ.

ಈ ವೃತ್ತಾಂತವನ್ನು ಅರ್ಥದ ಬಲದಿಂದ ಹುಡುಕುವ ಉಪಾಯವೂ ತೀರ ಇತ್ತೀಚಿನದಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಗೆರಾರ್ಡ್ ಸಾಲ್ಟನ್ ಮತ್ತು ಸಂಗಡಿಗರು 1975ರಲ್ಲಿ, ಪ್ರತಿಯೊಂದು ಬರಹವನ್ನೂ ಬಹು ಆಯಾಮಗಳುಳ್ಳ ಅವಕಾಶದಲ್ಲಿನ ಒಂದು ವೆಕ್ಟರ್, ಅಂದರೆ ಅಂಕಿಗಳ ಒಂದು ಸಾಲು, ಎಂದು ಭಾವಿಸಿ, ಅವುಗಳ ಸಾಮೀಪ್ಯದಿಂದ ಸಾದೃಶ್ಯವನ್ನು ಅಳೆಯುವ ಮಾರ್ಗವನ್ನು ಪ್ರಕಟಿಸಿದರು. 2013ರಲ್ಲಿ ಗೂಗಲ್ ಸಂಸ್ಥೆಯ ತೋಮಾಶ್ ಮಿಕೊಲೊವ್ ಮೊದಲಾದವರು, ಯಾವ ಪದವು ಯಾವ ಪದಗಳ ನೆರೆಯಲ್ಲಿ ಬರುತ್ತದೆಂಬುದನ್ನು ಅಪಾರವಾದ ಬರಹದಿಂದ ಯಂತ್ರವೇ ಕಲಿತು, ಪ್ರತಿಯೊಂದು ಪದಕ್ಕೂ ಅಂಕಿಗಳ ಒಂದು ಸಾಲನ್ನು ನಿಯಮಿಸುವಂತೆ ಮಾಡಿದರು. ಇಂದಿನ ಎಂಬೆಡಿಂಗ್ ಮಾದರಿಗಳು ಇಡೀ ವಾಕ್ಯಕ್ಕೆ ಇದೇ ಉಪಚಾರವನ್ನು ಮಾಡುತ್ತವೆ. ಓಪನ್‌ಎಐ ಸಂಸ್ಥೆಯು 2022ರ ಕೊನೆಯಲ್ಲಿ ಹೊರತಂದ ಮಾದರಿಯೊಂದು ಯಾವ ವಾಕ್ಯವನ್ನು ಕೊಟ್ಟರೂ 1536 ಅಂಕಿಗಳನ್ನು ಹಿಂದಿರುಗಿಸುತ್ತದೆ. ಸೋರುವ ತಗಡೂ ಛಾವಣಿಯ ರಿಪೇರಿಯೂ ಅಕ್ಷರದಲ್ಲಿ ದೂರವಾಗಿದ್ದರೂ ಈ ಅಂಕಿಗಳ ಲೋಕದಲ್ಲಿ ನೆರೆಹೊರೆಯವಾಗುತ್ತವೆ. ಇಂಥ ಸಾಲುಗಳನ್ನು ಲಕ್ಷಗಟ್ಟಲೆಯಾಗಿ ಶೇಖರಿಸಿಟ್ಟು, ಕೇಳಿದ ಪ್ರಶ್ನೆಗೆ ಅತಿ ಸಮೀಪವಾದುವನ್ನು ಬೇಗನೆ ಆರಿಸಿಕೊಡುವ ಭಂಡಾರಕ್ಕೆ ವೆಕ್ಟರ್ ಡೇಟಾಬೇಸ್ ಎಂದು ಹೆಸರು. ಪೈನ್‌ಕೋನ್, ಕ್ವಾಡ್ರಂಟ್, ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ಕೂಡಿಸಬಹುದಾದ ಪಿಜಿವೆಕ್ಟರ್ ಮೊದಲಾದುವು ಈ ಜಾತಿಗೆ ಸೇರಿದುವು.

ಇನ್ನು ಲೆಕ್ಕದ ತಂತ್ರಾಂಶವನ್ನು ಇಂಥ ಭಂಡಾರಕ್ಕೆ ಜೋಡಿಸುವ ವಿಚಾರ. ಬೆಂಗಳೂರಿನಲ್ಲಿ ಪ್ರಧಾನ ಕಚೇರಿಯುಳ್ಳ, ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಅವರ ಪುತ್ರ ಭರತ್ ಗೋಯೆಂಕಾ 1986ರಲ್ಲಿ ಆರಂಭಿಸಿದ ಸಂಸ್ಥೆಯ ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಟ್ಯಾಲಿಯನ್ನು ಸರ್ವರಿನಂತೆ ವರ್ತಿಸಲು ಅಣಿಗೊಳಿಸಿದರೆ, ಸಾಮಾನ್ಯವಾಗಿ 9000 ಎಂಬ ಪೋರ್ಟಿನಲ್ಲಿ, ಎಕ್ಸ್‌ಎಂಎಲ್ ರೂಪದ ವಿನಂತಿಗೆ ಅದೇ ರೂಪದಲ್ಲಿ ವೋಚರುಗಳನ್ನು ಒಪ್ಪಿಸುತ್ತದೆ. ಹಿಂದೆ ಇದನ್ನು ಬಳಸಲು ಪ್ರೋಗ್ರಾಮರೊಬ್ಬನು ಬೇಕಾಗಿತ್ತು. ಈಗ 2011ರಲ್ಲಿ ಹುಟ್ಟಿದ ಝೇಪಿಯರ್, 2019ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದ ಎನ್‌ಎಯ್ಟ್‌ಎನ್ ಮುಂತಾದ ಸಾಧನಗಳಲ್ಲಿ, ಒಂದೊಂದು ಕೆಲಸಕ್ಕೆ ಒಂದೊಂದು ಚೌಕವನ್ನು ತೆರೆಯ ಮೇಲೆ ಎಳೆದಿಟ್ಟು ಗೆರೆಗಳಿಂದ ಕೂಡಿಸಿದರೆ ಸಾಕಾಗುತ್ತದೆ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಮೊದಲ ಚೌಕವು ಎಚ್ಚರಗೊಳ್ಳುತ್ತದೆ. ಎರಡನೆಯದು ಟ್ಯಾಲಿಯಿಂದ ಹೊಸ ವೋಚರುಗಳನ್ನು ತರಿಸುತ್ತದೆ. ಮೂರನೆಯದು ಪಕ್ಷಕಾರನ ಹೆಸರು, ಖಾತೆ, ಟಿಪ್ಪಣಿ ಇವನ್ನು ಕೂಡಿಸಿ ಒಂದು ಓದತಕ್ಕ ವಾಕ್ಯವನ್ನು ಮಾಡುತ್ತದೆ. ನಾಲ್ಕನೆಯದು ಅದನ್ನು ಅಂಕಿಗಳ ಸಾಲಾಗಿ ಪರಿವರ್ತಿಸುತ್ತದೆ. ಐದನೆಯದು ಭಂಡಾರಕ್ಕೆ ಸೇರಿಸುತ್ತದೆ. ಟ್ಯಾಲಿಯು ಅಂಗಡಿಯ ಕಂಪ್ಯೂಟರಿನಲ್ಲಿಯೇ ಇರುವುದಾದರೆ, ದೂರದ ಕ್ಲೌಡಿನಲ್ಲಿರುವ ಸಾಧನಕ್ಕೆ ಅದು ನೇರವಾಗಿ ಸಿಕ್ಕುವುದಿಲ್ಲ; ಆದುದರಿಂದ ಸ್ವಂತ ಯಂತ್ರದಲ್ಲಿ ಸ್ಥಾಪಿಸಬಹುದಾದ ಎನ್‌ಎಯ್ಟ್‌ಎನ್ನಿನಂಥದೇ ಇಲ್ಲಿ ಉಚಿತವೆಂದು ನನ್ನ ಅಭಿಪ್ರಾಯ. ಝೋಹೊ ಬುಕ್ಸ್‌ನಂತೆ ಕ್ಲೌಡಿನಲ್ಲಿಯೇ ಇರುವ ಲೆಕ್ಕಕ್ಕೆ ಈ ತೊಡಕಿಲ್ಲ.

ಈ ಐದು ಚೌಕಗಳು ಒಂದು ಸಂಜೆಯಲ್ಲಿ ಸಿದ್ಧವಾಗಬಹುದು. ಆದರೆ ಕೆಲಸದ ನಿಜವಾದ ಭಾಗವು ಅನಂತರ ಆರಂಭವಾಗುತ್ತದೆ. ಲೆಕ್ಕವು ಸ್ಥಿರವಾದ ವಸ್ತುವಲ್ಲ. ನಿನ್ನೆಯ ವೋಚರನ್ನು ಇಂದು ತಿದ್ದುವುದುಂಟು. ತಿದ್ದಿದ್ದನ್ನು ಹೊಸದೆಂದು ಮತ್ತೊಮ್ಮೆ ಸೇರಿಸಿದರೆ ಭಂಡಾರದಲ್ಲಿ ಒಂದೇ ಖರ್ಚು ಎರಡಾಗಿ ನಿಲ್ಲುತ್ತದೆ. ಟ್ಯಾಲಿಯು ಪ್ರತಿ ವೋಚರಿಗೂ ಜಿಯುಐಡಿ ಎಂಬ ಬದಲಾಗದ ಗುರುತನ್ನೂ, ತಿದ್ದಿದಾಗಲೆಲ್ಲ ಏರುವ ಆಲ್ಟರ್‌ಐಡಿ ಎಂಬ ಸಂಖ್ಯೆಯನ್ನೂ ಕೊಡುತ್ತದೆ. ಮೊದಲನೆಯದನ್ನೇ ಭಂಡಾರದಲ್ಲಿಯೂ ಗುರುತಾಗಿ ಇಟ್ಟುಕೊಂಡು, ಎರಡನೆಯದರಿಂದ ಬದಲಾದುವನ್ನು ಮಾತ್ರ ಆರಿಸಿ ತರುವುದು ಸರಿಯಾದ ಕ್ರಮ. ಅಳಿಸಿಹಾಕಿದ ವೋಚರಾದರೋ ಈ ಪಟ್ಟಿಯಲ್ಲಿ ಬರುವುದೇ ಇಲ್ಲ. ವಾರಕ್ಕೊಮ್ಮೆಯಾದರೂ ಎರಡೂ ಕಡೆಯ ಗುರುತುಗಳನ್ನು ತಾಳೆ ನೋಡಿ, ಲೆಕ್ಕದಲ್ಲಿಲ್ಲದುದನ್ನು ಭಂಡಾರದಿಂದಲೂ ತೆಗೆಯಬೇಕು. ಹೀಗೆ ಮಾಡದವನ ಬಳಿ ಕೆಲವು ತಿಂಗಳುಗಳಲ್ಲಿಯೇ ಒಂದಕ್ಕೊಂದು ಒಪ್ಪದ ಎರಡು ಲೆಕ್ಕಗಳು ಬೆಳೆದಿರುತ್ತವೆ.

ಇದಕ್ಕಿಂತ ಗುರುತರವಾದ ಇನ್ನೊಂದು ವಿಷಯವನ್ನು ಓದುಗರು ಮನಸ್ಸಿನಲ್ಲಿಡಬೇಕೆಂದು ಕೋರುತ್ತೇನೆ. ಸಾದೃಶ್ಯವು ಸತ್ಯವಲ್ಲ. ‘ಹಣ ಪಾವತಿಯಾಗಿದೆ’ ಎಂಬ ವಾಕ್ಯವೂ ‘ಹಣ ಪಾವತಿಯಾಗಿಲ್ಲ’ ಎಂಬ ವಾಕ್ಯವೂ ವೆಕ್ಟರುಗಳಲ್ಲಿ ಬಹಳ ಹತ್ತಿರವಿರಬಹುದು, ಏಕೆಂದರೆ ಎರಡರ ವಿಷಯವೂ ಒಂದೇ. ಲೆಕ್ಕದಲ್ಲಾದರೋ ಅವೆರಡರ ನಡುವಣ ಅಂತರವೇ ಸರ್ವಸ್ವ. 10,000 ರೂಪಾಯಿಗೆ ಶೇಕಡ 18ರ ಜಿಎಸ್‌ಟಿ ಸೇರಿ 11,800 ಆಯಿತೆಂಬುದನ್ನು ಇಂಥ ಭಂಡಾರವು ಕೂಡಿ ನೋಡುವುದಿಲ್ಲ. ಅಲ್ಲದೆ, ಅತಿ ಸಮೀಪವಾದ ಐದನ್ನು ಕೊಡೆಂದರೆ, ನಿಜವಾಗಿ ಸಂಬಂಧಪಟ್ಟದ್ದು ಒಂದೂ ಇಲ್ಲದಿದ್ದರೂ ಅದು ಐದನ್ನು ತಂದಿಡುತ್ತದೆ. ‘ಕಳೆದ ವರ್ಷ ಲಾರಿ ಬಾಡಿಗೆ ಎಷ್ಟಾಯಿತು’ ಎಂದು ಕೇಳಿದಾಗ ಹಮಾಲಿಯ ವೋಚರುಗಳೂ ಸಮೀಪವೆಂದು ಬಂದು ಸೇರಿಕೊಳ್ಳಬಹುದು, ಕೆಲವು ಬಾಡಿಗೆಗಳು ಹೊರಗೇ ಉಳಿಯಬಹುದು. ಅವನ್ನು ಕೂಡಿ ಒಂದು ಮೊತ್ತವನ್ನು ನಿರರ್ಗಳವಾದ ವಾಕ್ಯದಲ್ಲಿ ಹೇಳುವ ಯಂತ್ರವು ಯಜಮಾನನನ್ನು ದಾರಿ ತಪ್ಪಿಸುತ್ತದೆ. ಆದಕಾರಣ ‘ಎಷ್ಟು’ ಎಂಬ ಪ್ರಶ್ನೆಯು ಯಾವಾಗಲೂ ಲೆಕ್ಕದ ತಂತ್ರಾಂಶಕ್ಕೇ ಹೋಗಬೇಕು. ‘ಯಾವುದು’, ‘ಇಂಥದು ಹಿಂದೆ ನಡೆದಿತ್ತೇ’ ಎಂಬ ಪ್ರಶ್ನೆಗಳು ಮಾತ್ರ ವೆಕ್ಟರ್ ಭಂಡಾರಕ್ಕೆ ಹೋಗಬೇಕು. ದಿನಾಂಕ, ಮೊತ್ತ, ಖಾತೆ ಇವನ್ನು ಪ್ರತಿಯೊಂದು ಸಾಲಿನ ಜತೆಗೆ ಪ್ರತ್ಯೇಕವಾಗಿ ಇಟ್ಟಿದ್ದರೆ, ಮೊದಲು ಅವುಗಳಿಂದ ಸೋಸಿ ಆಮೇಲೆ ಅರ್ಥದಿಂದ ಹುಡುಕಬಹುದು. ಉತ್ತರದೊಡನೆ ವೋಚರಿನ ಸಂಖ್ಯೆಯೂ ಬಂದರೆ ಮೂಲವನ್ನು ತೆರೆದು ನೋಡಬಹುದು.

ಕಾನೂನಿನ ಮಾತೂ ಇದೆ. 2023ರ ಏಪ್ರಿಲ್ 1ರಿಂದ ಭಾರತದ ಕಂಪನಿಗಳು, ಪ್ರತಿಯೊಂದು ತಿದ್ದುಪಡಿಯನ್ನೂ ದಾಖಲಿಸುವ, ಆ ದಾಖಲೆಯನ್ನು ನಿಲ್ಲಿಸಲಾಗದ ಲೆಕ್ಕದ ತಂತ್ರಾಂಶವನ್ನೇ ಬಳಸಬೇಕು. ಆದುದರಿಂದ ಈ ಸ್ವಯಂಚಾಲಿತ ವ್ಯವಸ್ಥೆಗೆ ಓದುವ ಅಧಿಕಾರ ಮಾತ್ರವಿರಲಿ. ಬರೆಯುವ ಕೆಲಸವು ಹೊಣೆ ಹೊರುವ ಮನುಷ್ಯನ ಕೈಯಲ್ಲಿಯೇ ಉಳಿಯಲಿ. ನೌಕರನೊಬ್ಬನ ಚಿಕಿತ್ಸೆಗೆ ಕೊಟ್ಟ ಮುಂಗಡದ ಟಿಪ್ಪಣಿಯಲ್ಲಿ ಅವನ ರೋಗದ ಹೆಸರೂ ಇರಬಹುದು. ಅಂಥದನ್ನು ಪರದೇಶದ ಸೇವೆಯೊಂದಕ್ಕೆ ವಿಚಾರವಿಲ್ಲದೆ ಕಳುಹಿಸುವುದು ನ್ಯಾಯವಲ್ಲ. ಸ್ವಂತ ಯಂತ್ರದಲ್ಲಿಯೇ ನಡೆಯುವ ಎಂಬೆಡಿಂಗ್ ಮಾದರಿಗಳಿವೆ. ಸ್ವಲ್ಪ ನಿಧಾನವಾದರೂ ಅವನ್ನೇ ಆರಿಸಬೇಕು. ರೋಮನ್ ಅಕ್ಷರಗಳಲ್ಲಿ ಬರೆದ ಕನ್ನಡದ ಟಿಪ್ಪಣಿಗಳನ್ನು ಮಾದರಿಯು ಎಷ್ಟರಮಟ್ಟಿಗೆ ಗ್ರಹಿಸುತ್ತದೆಂಬುದನ್ನು ತಮ್ಮ ಹಳೆಯ ವೋಚರುಗಳಿಂದಲೇ ಪರೀಕ್ಷಿಸಿದ ಹೊರತು ಯಾರೂ ಮುಂದುವರಿಯಕೂಡದು.

ವರ್ಷಕ್ಕೆ ಕೆಲವು ನೂರು ವೋಚರುಗಳಿರುವ ಅಂಗಡಿಗೆ ಇದಾವುದೂ ಬೇಕಿಲ್ಲ. ತಂತ್ರಾಂಶದ ಸಾಮಾನ್ಯ ಹುಡುಕಾಟವೇ ಅಲ್ಲಿ ಸಾಕು. ಹತ್ತಾರು ಕಕ್ಷಿದಾರರ ಲೆಕ್ಕವನ್ನು ನೋಡುವ ಲೆಕ್ಕಪರಿಶೋಧಕರ ಕಚೇರಿಗೆ, ಗುಮಾಸ್ತರು ಬದಲಾಗುತ್ತ ಹಲವು ವರ್ಷಗಳ ಟಿಪ್ಪಣಿಗಳು ಹಲವು ಬಗೆಯ ಮಾತಿನಲ್ಲಿ ಸೇರಿಹೋಗಿರುವ ಉದ್ಯಮಕ್ಕೆ ಇದರಿಂದ ನಿಜವಾದ ಪ್ರಯೋಜನವುಂಟು. ಎರಡನೆಯ ವರ್ಗಕ್ಕೆ ಸೇರಿದವರು ಸಾಧನಗಳನ್ನು ಕೊಳ್ಳುವ ಮೊದಲು ತಮ್ಮ ಗುಮಾಸ್ತರಿಗೆ ಒಂದು ಮಾತನ್ನು ಹೇಳಲಿ: ಇಂದಿನಿಂದ ಯಾವ ವೋಚರಿನಲ್ಲಿಯೂ ಟಿಪ್ಪಣಿಯ ಜಾಗವನ್ನು ಖಾಲಿ ಬಿಡಬೇಡಿ, ಹಣವು ಯಾರಿಗೆ, ಯಾವುದಕ್ಕಾಗಿ ಹೋಯಿತೆಂಬುದನ್ನು ಒಂದು ಪೂರ್ಣ ವಾಕ್ಯದಲ್ಲಿ ಬರೆಯಿರಿ.